ಓದದ ಪುಸ್ತಕದ ಮೇಲಿನ ಕೋಪ

(ಅರಸೀಕೆರೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಪತ್ರದ ಸಾರ: ‘ಪುಸ್ತಕ ನಿಷೇಧವನ್ನು ಖಂಡಿಸಿ ಬರೆದಿದ್ದೀರಿ. "ಧರ್ಮಕಾರಣ" ಕಾದಂಬರಿಯ ನಿಷೇಧವನ್ನು ಸುಪ್ರೀಂ ಕೋರ್ಟೇ ಎತ್ತಿಹಿಡಿಯಲಿಲ್ಲವೇ? ನಾನು ಅದನ್ನು ಓದಿಲ್ಲ, ಓದುವ ಅಗತ್ಯವೂ ಇಲ್ಲ. ಜನರ ಭಾವನೆಗಿಂತ ನಿಮ್ಮ ಓದಿನ ಚಪಲ ದೊಡ್ಡದೇ?’)

ಮಾನ್ಯರೇ,

ಓದಿಲ್ಲವೆಂದು ನೀವೇ ಬರೆದಿದ್ದೀರಿ. ನಿಷೇಧ ಬೇಡುವವರು ಸಾಮಾನ್ಯವಾಗಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನ್ಯಾಯಾಲಯದ ಬಗ್ಗೆ ನೀವು ಹೇಳಿದ್ದೂ ಸರಿ. ಬಸವಣ್ಣ ಮತ್ತು ಅವರ ಕಾಲದ ಶರಣರ ಕುರಿತ ಪಿ.ವಿ. ನಾರಾಯಣರ ಆ ಕಾದಂಬರಿಗೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತ್ತು. ಆಮೇಲೆ ರಾಜ್ಯ ಸರ್ಕಾರವೇ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಹಾರ ಹಾಕಿದ ಕೊರಳಿಗೇ ಹಗ್ಗ. 2007ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. ಅದಕ್ಕೆ ತಲೆಬಾಗುತ್ತೇನೆ; ಮನಸ್ಸು ಒಪ್ಪಿದೆ ಎಂದು ಮಾತ್ರ ಹೇಳಲಾರೆ.

ನನ್ನ ತಕರಾರು ಕಾನೂನಿನ ನಡೆಯ ಬಗ್ಗೆ. ಸರ್ಕಾರ ಕಾರಣ ಬರೆದು ಅಧಿಸೂಚನೆ ಹೊರಡಿಸಿದರೆ ಸಾಕು, ದೇಶದ ಯಾವ ಮೂಲೆಯಲ್ಲಿ ಪ್ರತಿ ಸಿಕ್ಕರೂ ಪೊಲೀಸರು ಎತ್ತಿಕೊಂಡು ಹೋಗಬಹುದು. ಅದು ತಪ್ಪೆಂದು ತೋರಿಸಲು ಎರಡು ತಿಂಗಳೊಳಗೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾದವರು ನಾವು. ಹತ್ತಿದವರೂ ಇದ್ದಾರೆ. ಶಿವಾಜಿಯ ಕುರಿತು ಜೇಮ್ಸ್ ಲೇನ್ ಬರೆದ ಪುಸ್ತಕದ ನೆಪದಲ್ಲಿ 2004ರ ಜನವರಿಯಲ್ಲಿ ಲೇನ್ ಅವರ ಸಂಶೋಧನೆಗೆ ನೆರವಾಗಿದ್ದ ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಗೆ ನುಗ್ಗಿದ ಗುಂಪು ಹಸ್ತಪ್ರತಿಗಳನ್ನೂ ಬಿಡಲಿಲ್ಲ. ಶಿವಾಜಿಯ ಕಾಲದ ಬಗ್ಗೆ ನಾಳೆ ಬರೆಯುವವರಿಗೆ ಅಂಥ ಕಡತಗಳೇ ಆಧಾರ, ಅಲ್ಲವೇ? ಆ ಪುಸ್ತಕಕ್ಕೆ ಮಹಾರಾಷ್ಟ್ರ ಸರ್ಕಾರ ಹಾಕಿದ ನಿಷೇಧವನ್ನು ಪ್ರಶ್ನಿಸಿದ್ದು ಲೇಖಕರಲ್ಲ, ಪ್ರಕಾಶಕರಲ್ಲ, ಓದಬಯಸಿದವರು. ಯಾವ ಸಮುದಾಯಗಳ ನಡುವೆ ದ್ವೇಷ ಹುಟ್ಟುತ್ತದೆ ಎಂಬುದನ್ನೇ ಆದೇಶ ಹೇಳಿರಲಿಲ್ಲ. ಮುಂಬೈ ಹೈಕೋರ್ಟ್ ಅದನ್ನು ರದ್ದು ಮಾಡಿತು, 2010ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ನೀವು ಉಲ್ಲೇಖಿಸಿದ ನ್ಯಾಯಾಲಯವೇ!

ಸಲ್ಮಾನ್ ರಶ್ದಿಯವರ ‘ದಿ ಸಟಾನಿಕ್ ವರ್ಸಸ್’ ಕಾದಂಬರಿಯ ಆಮದನ್ನು 1988ರಲ್ಲಿ ತಡೆದ ಕಸ್ಟಮ್ಸ್ ಅಧಿಸೂಚನೆಯನ್ನು ದೆಹಲಿ ಹೈಕೋರ್ಟ್ ಕೇಳಿದಾಗ ಯಾವ ಇಲಾಖೆಗೂ ಅದರ ಪ್ರತಿಯನ್ನು ತಂದುಕೊಡಲಾಗಲಿಲ್ಲ. ಅಂಥ ಅಧಿಸೂಚನೆಯೇ ಇಲ್ಲವೆಂದು ಭಾವಿಸಬೇಕಾಗುತ್ತದೆ ಎಂದು ನ್ಯಾಯಾಲಯ 2024ರಲ್ಲಿ ಹೇಳಿತು. ಮೂವತ್ತಾರು ವರ್ಷ ನಾವು ಹೆದರಿದ್ದು ಯಾರ ಕೈಗೂ ಸಿಗದ ಒಂದು ಕಾಗದಕ್ಕೆ.

ನೊಂದವರ ನೋವನ್ನು ನಾನು ಹಗುರ ಮಾಡುತ್ತಿಲ್ಲ. ‘ಧರ್ಮಕಾರಣ’ದ ಯಾವ ಪುಟ, ಯಾವ ಸಾಲು ಶರಣರಿಗೆ ಅಪಚಾರ ಮಾಡಿದೆ ಎಂದು ವಿವರವಾಗಿ ಬರೆದು ಕಳುಹಿಸಿ, ನಾಲ್ಕು ಪುಟವಾದರೂ ಅಚ್ಚು ಹಾಕುತ್ತೇನೆ. ಕಷ್ಟವೊಂದೇ: ಅದಕ್ಕೆ ನೀವು ಆ ಪುಸ್ತಕವನ್ನು ಓದಬೇಕು, ನಿಮ್ಮೂರಿನ ಅಂಗಡಿಯಲ್ಲಿ ಅದನ್ನು ಮಾರುವಂತಿಲ್ಲ.

ಸಂಪಾದಕ