ಮಳೆಗಾಲದಲ್ಲಿ ಆಗುಂಬೆ ಕಡೆ ಬಂದ್ರೆ ಸಣ್ಣ ಹೋಟ್ಲಲ್ಲಿ ತಿನ್ಬೋದಾ ಅಂತ ಕೇಳಿದ್ರಿ

ತಿನ್ಬೋದು, ಧೈರ್ಯವಾಗಿ ಬನ್ನಿ, ಆದ್ರೆ ನೀರಿನ ವಿಷಯ ಒಂದು ಗೊತ್ತಿರ್ಲಿ. ನಮ್ಮನೆ ಇರೋದು ಘಾಟಿ ತಲೆ ಮೇಲೆ, ತಿರುವು ಇಳಿದ್ರೆ ಸೋಮೇಶ್ವರ ಅಂದ್ರೆ ಉಡುಪಿ ಜಿಲ್ಲೆ ಹೆಬ್ರಿ ತಾಲೂಕು, ಮೇಲಿರೋ ನಾವು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲೂಕು. ಚಿಕ್ಕಪ್ಪಂದು ಇಲ್ಲೇ ಸಣ್ಣ ಹೋಟ್ಲು, ಕಾಲೇಜು ರಜೆ ಪೂರ್ತಿ ನಾನು ಅಲ್ಲೇ ಇರ್ತಿದ್ದೆ, ಹಂಗಾಗಿ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಲೈಸೆನ್ಸ್ ಇರತ್ತಾ ಅಂದ್ರಲ್ಲ, ಇರತ್ತೆ. 2006ರ ಆಹಾರ ಸುರಕ್ಷತೆ ಕಾಯ್ದೆ, ಅದರ ನಿಯಮ ಜಾರಿಗೆ ಬಂದಿದ್ದು 2011ರ ಆಗಸ್ಟಲ್ಲಿ, ಆಮೇಲಿಂದ ಗೂಡಂಗಡಿಯವ್ರಿಗೂ ಎಫ್‌ಎಸ್‌ಎಸ್‌ಎಐ, ಅಂದ್ರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಂಬರ್ ಬೇಕೇ ಬೇಕು. ಒಟ್ಟು 14 ಅಂಕಿ, ಗೋಡೆ ಮೇಲೆ ಹಾಕಿರ್ತಾರೆ ನೋಡಿ, 1ರಿಂದ ಶುರುವಾದ್ರೆ ಲೈಸೆನ್ಸ್, 2ರಿಂದ ಶುರುವಾದ್ರೆ ಸಣ್ಣವ್ರ ರಿಜಿಸ್ಟ್ರೇಷನ್. 2011ರ ನಿಯಮದಲ್ಲಿ ರಿಜಿಸ್ಟ್ರೇಷನ್‌ಗೆ ವರ್ಷಕ್ಕೆ 100 ರೂಪಾಯಿ, ಅರ್ಜಿ ಹಾಕಿ 30 ದಿನ ಏನೂ ತೀರ್ಮಾನ ಬರ್ಲಿಲ್ಲ ಅಂದ್ರೆ ವ್ಯಾಪಾರ ಶುರು ಮಾಡ್ಬೋದು ಅಂತ ಇತ್ತು. ಅಂದ್ರೆ 2ರ ನಂಬರ್ ಕಂಡ್ರೆ ಇವ್ರ ಹೆಸ್ರು ಪಟ್ಟೀಲಿದೆ ಅಂತ ಅರ್ಥ, ಅಡುಗೆಮನೆನ ಯಾರೋ ಬಂದು ನೋಡಿದಾರೆ ಅಂತ ಅಲ್ಲ.

ನಮ್ಕಡೆ ಎಲ್ಲಾ ನಿಂತಿರೋದು ನೀರಿನ ಮೇಲೆ. ಗುಡ್ಡದ ಒರತೆಯಿಂದ ತಾನಾಗೇ ಇಳಿಯೋ ಅಬ್ಬಿ ನೀರು ಮೊದ್ಲು ಅಡಿಕೆ ಮರ ಸೀಳಿ ಮಾಡಿದ ದಂಬೇಲಿ ಬರ್ತಿತ್ತು, ಈಗ ಕಪ್ಪು ಪೈಪು, ಮೋಟ್ರು ಬೇಡ ಕರೆಂಟ್ ಬೇಡ. ಪ್ರವಾಸಿಗಳು ಮಿನರಲ್ ವಾಟರ್ ಇದ್ದಂಗಿದೆ ಅಂತ ಬಾಟ್ಲಿ ತುಂಬ್ಕೊಂಡು ಹೋಗ್ತಾರೆ, ಬೇಡ ಮಾರಾಯ್ರೆ. ಜೂನಲ್ಲಿ ಮಳೆ ಹಿಡಿದ್ಮೇಲೆ ದನ ಮೇಯೋ ಬ್ಯಾಣ, ತೋಟಕ್ಕೆ ಹಾಕಿದ ಗೊಬ್ಬರ, ಮೇಲಿನ ಮನೆಗಳ ಪಾಯ್ಖಾನೆ ಗುಂಡಿ ಎಲ್ಲದರ ಮೇಲೆ ಹರಿದ ನೀರು ಅದೇ ಒರತೆಗೆ ಸೇರತ್ತೆ. ನೀರು ಪರೀಕ್ಷೆ ಮಾಡಕ್ಕೆ ಎಚ್‌ಟುಎಸ್ ಬಾಟ್ಲಿ ಅಂತ ಬರತ್ತೆ, ನೀರು ತುಂಬಿ ಒಂದೆರಡು ದಿನ ಇಟ್ರೆ ಹೊಲಸು ಸೇರಿದ್ದಿದ್ರೆ ಕಪ್ಪಾಗತ್ತೆ. ಜನವರೀಲಿ ನಮ್ಮ ಪೈಪಿನ ನೀರು ಎರಡು ದಿನ ಆದ್ರೂ ಬಣ್ಣ ಬದಲಾಗ್ಲಿಲ್ಲ. ಅದೇ ಪೈಪು, ಅದೇ ನಲ್ಲಿ, ಜುಲೈಲಿ ರಾತ್ರಿ ತುಂಬಿಟ್ಟಿದ್ದು ಬೆಳಿಗ್ಗೆ ಎದ್ದು ನೋಡಿದ್ರೆ ಕಾಫಿ ಡಿಕಾಕ್ಷನ್ ಥರ ಕಪ್ಪು. ಚಿಕ್ಕಮ್ಮ ಆ ಬಾಟ್ಲಿನ ಕೈಲಿ ಹಿಡ್ಕೊಂಡು ಎಷ್ಟೋ ಹೊತ್ತು ಮಾತೇ ಆಡ್ಲಿಲ್ಲ, ಇದೇ ನೀರಲ್ಲಿ ಮಜ್ಜಿಗೆ ಮಾಡಿ ಕೊಟ್ಟಿದೀನಲ್ಲ ಅಂದ್ರು.

ಬ್ಲೀಚಿಂಗ್ ಪೌಡರ್ ಹಾಕ್ತೀವಿ, ಆದ್ರೆ ಕೆಂಪು ರಾಡಿ ನೀರಿಗೆ ಹಾಕಿದ್ರೆ ಆ ರಾಡಿನೇ ಕ್ಲೋರಿನ್ನ ತಿಂದ್ಬಿಡತ್ತೆ, ಮೊದ್ಲು ತಿಳಿಯಾಗ್ಬೇಕು. ಕುದಿಸೋದೇ ಸರಿ, ಕೊತಕೊತ ಅಂತ ಒಂದು ನಿಮಿಷ ಕುದಿದ್ರೆ ಸಾಕು. ಆದ್ರೆ ಹೋಟ್ಲಲ್ಲಿ ಏನ್ ಮಾಡ್ತಾರೆ ಅಂದ್ರೆ, ಹಂಡೇಲಿ ಚೆನ್ನಾಗೇ ಕುದ್ದಿರತ್ತೆ, ಗಿರಾಕಿ ಬಾಯಿ ಸುಡತ್ತೆ ಅಂತ ಒಂದು ಚೊಂಬು ಅಬ್ಬಿ ನೀರು ಬೆರೆಸಿ ಉಗುರು ಬೆಚ್ಚಗೆ ಮಾಡಿ ಜಗ್ಗಲ್ಲಿ ಇಡ್ತಾರೆ. ಕುದಿಸಿದ್ದು ಅಲ್ಲಿಗೆ ವ್ಯರ್ಥ. ನನ್ಗೂ ತಂಗಿಗೂ ಕಾಮಾಲೆ ಆಗಿದ್ದು ಹಿಂಗೇ ಒಂದು ಊಟದಿಂದ ಅಂತ ಈಗ್ಲೂ ನಂಬಿದೀನಿ, ಅವಳು ಪರೀಕ್ಷೆ ಬರೆಯಕ್ಕೇ ಆಗ್ಲಿಲ್ಲ. ಕಾಮಾಲೆ ತರೋ ಹೆಪಟೈಟಿಸ್ ಎ ಅನ್ನೋ ವೈರಸ್ಸು ಒಳಗೆ ಹೋಗಿ 15 ದಿನದಿಂದ 50 ದಿನದೊಳಗೆ ಯಾವಾಗ ಬೇಕಾದ್ರೂ ಕಾಣ್ಬೋದು, ನೀವು ಬೆಂಗಳೂರಿಗೆ ವಾಪಸ್ ಹೋಗಿ ತಿಂಗ್ಳಾದ್ಮೇಲೆ ಕಣ್ಣು ಹಳದಿ ಆದ್ರೆ ಆಗುಂಬೆ ಮಜ್ಜಿಗೆ ಯಾರಿಗೆ ನೆನಪಿರತ್ತೆ? ಹೋಟ್ಲಿನವ್ರಿಗೂ ಗೊತ್ತಾಗಲ್ಲ, ಅವ್ರು ಅದೇ ಚೊಂಬಲ್ಲಿ ಬೆರೆಸ್ತಾನೇ ಇರ್ತಾರೆ, ನಂಗೆ ಹೊಟ್ಟೆ ಉರಿಯೋದು ಇದಕ್ಕೇ.

ನಿಯಮದಲ್ಲಿ ಎಲ್ಲಾ ಇದೆ ಕಣ್ರಿ. ಕುಡಿಯೋಕೆ ಯೋಗ್ಯವಾದ ನೀರೇ ಬಳಸ್ಬೇಕು, ಲೈಸೆನ್ಸ್ ಇರೋ ಹೋಟ್ಲಲ್ಲಿ ಅಡುಗೆಯವ್ರಿಗೆ ಬಡಿಸೋರಿಗೆ ವರ್ಷಕ್ಕೊಂದ್ಸಲ ಮೆಡಿಕಲ್ ಚೆಕಪ್ ಆಗ್ಬೇಕು ಅಂತ. ತಿಂಡಿಗೆ ಹಾಕೋ ಕೃತಕ ಬಣ್ಣದ ವಿಷಯದಲ್ಲಿ ಸರ್ಕಾರ ಗಟ್ಟಿಯಾಗಿ ನಿಂತಿದ್ದಕ್ಕೆ ಫಲ ಕಂಡಿದೀನಿ, 2024ರ ಮಾರ್ಚಲ್ಲಿ ಗೋಬಿ ಮಂಚೂರಿಗೆ ಬಣ್ಣ ಹಾಕೋದು ನಿಲ್ಸಿದ್ರಲ್ಲ, ಆಮೇಲೆ ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೇಲಿ ನಾನು ತಿಂದ ಗೋಬಿ ಕಂದು ಬಣ್ಣಕ್ಕೇ ಇತ್ತು. ಬಣ್ಣ ಕಣ್ಣಿಗೆ ಕಾಣತ್ತೆ, ನೀರಲ್ಲಿರೋದು ಕಾಣಲ್ಲ. ಪಂಚಾಯ್ತೀಲಿ ಟೆಸ್ಟ್ ಕಿಟ್ ಇರತ್ತೆ, ಮಳೆಗಾಲದ ನಾಲ್ಕು ತಿಂಗ್ಳು ಪ್ರತಿ ಹೋಟ್ಲಿನ ನಲ್ಲಿ ಹತ್ರ ವಾರಕ್ಕೊಂದ್ಸಲ ತಗೊಂಡು ಬಂದ್ರೆ ಎಷ್ಟು ಉಪಕಾರ ಆಗತ್ತೆ.

ಇನ್ನು ಏನ್ ತಿನ್ನೋದು ಅಂದ್ರೆ, ಹಬೇಲಿ ಬೆಂದಿದ್ದು, ಹೆಂಚಿಂದ ಇಳಿದಿದ್ದು ಎಲ್ಲಾ ತಿನ್ನಿ. ಕಡುಬು, ಅಕ್ಕಿ ರೊಟ್ಟಿ, ಪತ್ರೊಡೆ, ಕಳಲೆ ಪಲ್ಯ ಸಿಕ್ರೆ ಬಿಡ್ಲೇಬೇಡಿ, ಕಳಲೆನ ಮೂರು ದಿನ ನೀರು ಬದಲಾಯಿಸಿ ನೆನೆಸಿ ವಿಷ ತೆಗೆದೇ ಮಾಡೋದು. ತಂಬುಳಿ, ನೀರು ಮಜ್ಜಿಗೆ ನಮ್ಮೂರಿನ ಜೀವ, ಆದ್ರೂ ಅದು ಒಲೆ ಕಾಣದ ಪದಾರ್ಥ, ಜೂನಿಂದ ಸೆಪ್ಟೆಂಬರ್ ತನಕ ಯಾರದ್ದಾದ್ರೂ ಮನೇಲಿ, ಕುದಿಸಿ ಆರಿಸಿದ ನೀರಲ್ಲಿ ಮಾಡಿದ್ರೆ ಮಾತ್ರ ತಿನ್ನಿ. ಬಾಳೆ ಎಲೆ ಹಾಕಿದ್ರೆ ಅದರ ಮೇಲೆ ನಿಂತ ನೀರು ಒರೆಸ್ಕೊಳ್ಳಿ, ಯಾರೂ ಬೇಜಾರು ಮಾಡ್ಕೊಳಲ್ಲ. ನೀರು ಕೇಳುವಾಗ "ಬಿಸಿನೀರು ಕೊಡಿ" ಅನ್ಬೇಡಿ, "ತಣ್ಣೀರು ಬೆರೆಸ್ಬೇಡಿ, ಸುಡೋದೇ ಕೊಡಿ, ನಾವೇ ಆರಿಸ್ಕೋತೀವಿ" ಅನ್ನಿ. ಚಿಕ್ಕಮ್ಮ ಈಗ ರಾತ್ರಿನೇ ಕುದಿಸಿ ಮುಚ್ಚಿಟ್ಟು ಬೆಳಿಗ್ಗೆ ಹೊತ್ತಿಗೆ ಆರಿದ್ದನ್ನ ಬೇರೆ ಸ್ಟೀಲ್ ಡ್ರಮ್ಮಲ್ಲಿ ನಲ್ಲಿ ಹಾಕ್ಸಿ ಇಟ್ಟಿದಾರೆ, ಅದಕ್ಕೆ ಚೊಂಬು ಅದ್ದೋ ಹಂಗಿಲ್ಲ, ಮಜ್ಜಿಗೆಗೂ ಅದೇ ನೀರು.