ಎಲೆಯ ಕೆಲಸ ಇನ್ನೂ ಚುರುಕಾಗುತ್ತಾ?

ಪ್ರಶ್ನೆ: ಜೀನ್ ಬದಲಾಯಿಸಿ, ಹೊಸ ತಳಿ ಮಾಡಿ ಬೆಳೆಗಳ ದ್ಯುತಿಸಂಶ್ಲೇಷಣೆ ಹೆಚ್ಚಿಸ್ತಾರಂತೆ. ಕೋಟ್ಯಂತರ ವರ್ಷದಿಂದ ಪ್ರಕೃತಿನೇ ತಿದ್ದಿ ತೀಡಿದ ಕೆಲಸ ಅಲ್ವಾ ಸರ್ ಅದು, ಮನುಷ್ಯ ಸರಿ ಮಾಡೋಕೆ ಏನು ಉಳಿದಿದೆ?

ಉತ್ತರ: ತುಂಬಾನೇ ಉಳಿದಿದೆ. ಪ್ರಕೃತಿ ನೋಡಿಕೊಂಡಿದ್ದು ಗಿಡ ಬದುಕಿ ಒಂದಿಷ್ಟು ಬೀಜ ಬಿಟ್ರೆ ಸಾಕು ಅಂತ, ಹೊಲದ ಇಳುವರಿ ಅದಕ್ಕೆ ಬೇಕಾಗೇ ಇರ್ಲಿಲ್ಲ. ಹಸಿರು ಕ್ರಾಂತಿಯ ಗಿಡ್ಡ ತಳಿಗಳೂ ಎಲೆ ತಯಾರಿಸಿದ್ದನ್ನ ಕಾಂಡಕ್ಕೆ ಕಮ್ಮಿ ಕಾಳಿಗೆ ಜಾಸ್ತಿ ಕಳಿಸಿದ್ವು ಅಷ್ಟೇ, ಎಲೆಯ ಸಾಮರ್ಥ್ಯ ಹೆಚ್ಚುಕಮ್ಮಿ ಹಾಗೇ ಉಳೀತು. ಈಗ ಒಳ್ಳೆ ತಳಿಗಳಲ್ಲಿ ನೆಲದ ಮೇಲಿನ ತೂಕದ ಅರ್ಧದಷ್ಟು ಕಾಳೇ ಇರುತ್ತೆ, ಆ ದಾರೀಲಿ ಇನ್ನು ಜಾಸ್ತಿ ದೂರ ಹೋಗೋಕಾಗಲ್ಲ.

ಒಂದು ಉದಾಹರಣೆ ಹೇಳ್ತೀನಿ. ಬಿಸಿಲು ಜೋರಾದಾಗ ಎಲೆ ಸುಟ್ಟುಹೋಗದೇ ಇರೋಕೆ ಹೆಚ್ಚಾದ ಬೆಳಕನ್ನ ಶಾಖ ಮಾಡಿ ಹೊರಗೆ ಬಿಡುತ್ತೆ. ಅಷ್ಟರಲ್ಲಿ ಮೋಡ ಬಂತು, ಇಲ್ಲಾ ಮೇಲಿನ ಎಲೆ ಅಲ್ಲಾಡಿ ನೆರಳು ಬಿತ್ತು ಅಂದ್ಕೊಳ್ಳಿ, ಈಗ ಬೆಳಕೇ ಕಮ್ಮಿ, ಆದ್ರೂ ಎಲೆ ಎಷ್ಟೋ ನಿಮಿಷ ಹಾಗೇ ಶಾಖ ಬಿಡ್ತಾನೇ ಇರುತ್ತೆ, ದಿನವಿಡೀ ಹೊಲದಲ್ಲಿ ಬಿಸಿಲು ನೆರಳು ಹೀಗೆ ಬದಲಾಗ್ತಾ ಇದ್ರೆ ಎಷ್ಟು ನಷ್ಟ ನೋಡಿ! ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀಫನ್ ಲಾಂಗ್ ತಂಡ ಇದಕ್ಕೆ ಸಂಬಂಧಪಟ್ಟ ಮೂರು ಜೀನ್‌ಗಳ ಕೆಲಸ ಹೆಚ್ಚಿಸಿ ಎಲೆ ಬೇಗ ಸುಧಾರಿಸ್ಕೊಳ್ಳೋ ಹಾಗೆ ಮಾಡ್ತು. 2016ರಲ್ಲಿ ಹೊಲದಲ್ಲಿ ಬೆಳೆದ ತಂಬಾಕು ಸುಮಾರು 15% ಹೆಚ್ಚು ಬೆಳೀತು.

ಇನ್ನೊಂದು ಸೋರಿಕೆ ರುಬಿಸ್ಕೋ ಅನ್ನೋ ಎಂಜೈಮಿನದ್ದು, ಇಂಗಾಲದ ಡೈಆಕ್ಸೈಡ್ ಹಿಡಿಯೋ ಬದಲು ಆಗಾಗ ಆಮ್ಲಜನಕ ಹಿಡಿದುಬಿಡುತ್ತೆ. ಜೋಳ, ಕಬ್ಬು ಇದನ್ನ ತಪ್ಪಿಸಿಕೊಂಡಿವೆ, ಆ ಗುಣ ಭತ್ತಕ್ಕೆ ತರೋ ಪ್ರಯತ್ನ ನಡೀತಿದೆ, ಆದ್ರೆ ಎಲೆಯೊಳಗಿನ ರಚನೆನೇ ಬದಲಾಗ್ಬೇಕು, ಬೇಗ ಆಗೋ ಕೆಲಸ ಅಲ್ಲ.

ಜೀನ್ ಸೇರಿಸದೇನೂ ದಾರಿ ಇದೆ, ನನಗೆ ಅದರ ಮೇಲೇ ಆಸೆ ಜಾಸ್ತಿ. ಒಂದೇ ಬೆಳೆಯ ಹಳೇ ತಳಿ, ಕಾಡು ತಳಿಗಳಲ್ಲಿ ಎಲೆಯ ಚುರುಕು ಬೇರೆಬೇರೆ ಇರುತ್ತೆ, ಆರಿಸಿ ಕ್ರಾಸ್ ಮಾಡಬಹುದು. ಕಷ್ಟ ಇರೋದು ಅಳೆಯೋದ್ರಲ್ಲಿ, ಒಂದೊಂದೇ ಎಲೆಗೆ ಕ್ಲಿಪ್ ಹಾಕಿ ನಿಮಿಷಗಟ್ಟಲೆ ಕಾಯ್ತಾ ಕೂತ್ರೆ ಸಾವಿರಾರು ಗಿಡ ಯಾವಾಗ ಮುಗಿಯೋದು? ಅದಕ್ಕೇ ಎಲೆ ವಾಪಸ್ ಹೊರಸೂಸೋ ಕೆಂಪು ಬೆಳಕನ್ನ ಕ್ಯಾಮೆರಾದಲ್ಲಿ ಹಿಡಿದು ಬೇಗ ಅಂದಾಜು ಮಾಡ್ತಾರೆ.

ಹಾಗಂತ ಎಲೆ ಚುರುಕಾದ ತಕ್ಷಣ ಕಾಳು ಜಾಸ್ತಿ ಅಂತ ನಂಬಬೇಡಿ. ಅದೇ ತಂಡದ ಸೋಯಾ ಪ್ರಯೋಗ 2022ರಲ್ಲಿ ಪ್ರಕಟ ಆಯ್ತು, ಒಂದು ಸೀಸನ್ನಲ್ಲಿ ಜೀನ್ ಬದಲಾಯಿಸಿದ ಕೆಲವು ತಳಿಗಳ ಇಳುವರಿ 33% ತನಕ ಏರಿತ್ತು, ಮರುವರ್ಷ ಗಿಡಗಳು ನೆಲಕ್ಕೊರಗಿ ಆ ವ್ಯತ್ಯಾಸ ಕಾಣಲೇ ಇಲ್ಲ.