ವಿಕಿರಣ ಅಳೆದು ಗ್ರಹಗಳ ನೆಲ ಅರಿಯುವ ಕೆಲಸ ಹೇಗಿರುತ್ತದೆ?

ನಿಮ್ಮ ಪ್ರಶ್ನೆ ಇದು: ಭೌತಶಾಸ್ತ್ರದಲ್ಲಿ ಎಂಎಸ್ಸಿ ಓದುತ್ತಿದ್ದೀರಿ, ಗಾಮಾ ಕಿರಣ ಮತ್ತು ನ್ಯೂಟ್ರಾನ್ ಅಳೆದು ಗ್ರಹಗಳ ನೆಲವನ್ನು ಅಧ್ಯಯನ ಮಾಡುವವರ ಕೆಲಸ ನಿಜಕ್ಕೂ ಹೇಗಿರುತ್ತದೆ, ಇದನ್ನೇ ನಂಬಿಕೊಂಡು ಮುಂದುವರಿಯಬಹುದಾ ಅಂತ.

ಮುಂದುವರಿಯಬಹುದು. ನಾನು ಇದೇ ಕೆಲಸದಲ್ಲಿದ್ದೇನೆ. ಮತ್ತೊಮ್ಮೆ ಆರಿಸಿಕೊಳ್ಳಿ ಅಂದರೂ ಇದನ್ನೇ ಆರಿಸಿಕೊಳ್ಳುತ್ತೇನೆ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ: ನಮ್ಮ ಹೆಚ್ಚಿನ ಸಮಯವನ್ನು ಗ್ರಹಕ್ಕಿಂತ ಜಾಸ್ತಿ ನಮ್ಮದೇ ಡಿಟೆಕ್ಟರ್ (ವಿಕಿರಣ ಅಳೆಯುವ ಉಪಕರಣ) ತಿಂದುಬಿಡುತ್ತದೆ.

ಚಂದ್ರ, ಬುಧದಂಥ ಕಡೆ ತಡೆಯಲು ವಾತಾವರಣ ಇಲ್ಲ. ಮಂಗಳದಲ್ಲಿ ಇದ್ದರೂ ತುಂಬಾ ತೆಳು. ಹಾಗಾಗಿ ಕಾಸ್ಮಿಕ್ ಕಿರಣಗಳು, ಅಂದರೆ ಬಾಹ್ಯಾಕಾಶದಿಂದ ಬರುವ ಅತಿವೇಗದ ಕಣಗಳು, ನೆಲಕ್ಕೇ ಬಂದು ಬಡಿಯುತ್ತವೆ. ಆ ಹೊಡೆತಕ್ಕೆ ಮಣ್ಣಿನ ಪರಮಾಣುಗಳ ನ್ಯೂಕ್ಲಿಯಸ್‌ನಿಂದ ನ್ಯೂಟ್ರಾನ್‌ಗಳು ಸಿಡಿಯುತ್ತವೆ. ಅವು ಅಕ್ಕಪಕ್ಕದ ನ್ಯೂಕ್ಲಿಯಸ್‌ಗಳಿಗೆ ಬಡಿದಾಗ ಅಥವಾ ಅವುಗಳೊಳಗೆ ಸೇರಿಕೊಂಡಾಗ ಗಾಮಾ ಕಿರಣ ಹೊರಡುತ್ತದೆ. ಒಂದೊಂದು ಧಾತುವಿಗೂ ಅದರದೇ ಶಕ್ತಿ. ಕಬ್ಬಿಣಕ್ಕೆ 7.6 ಎಂಇವಿ (ಶಕ್ತಿಯ ಅಳತೆ), ಆಮ್ಲಜನಕಕ್ಕೆ 6.13, ಹೈಡ್ರೋಜನ್‌ಗೆ 2.223. ಪೊಟ್ಯಾಸಿಯಂ, ಥೋರಿಯಂಗಳಿಗೆ ಈ ಹೊಡೆತವೂ ಬೇಡ, ಅವು ತಾವೇ ವಿಕಿರಣ ಸೂಸುತ್ತವೆ. ಕ್ಯಾಮೆರಾಗೆ ಮೇಲಿನ ಧೂಳಷ್ಟೇ ಕಾಣುತ್ತದೆ. ನಮಗೆ ಕೆಲವು ಹತ್ತು ಸೆಂಟಿಮೀಟರ್ ಆಳದ ಸುದ್ದಿಯೂ ಸಿಗುತ್ತದೆ.

ನ್ಯೂಟ್ರಾನ್‌ಗಳ ವಿಷಯ ನನಗೆ ಇನ್ನೂ ಇಷ್ಟ. ಕೇರಂ ಬೋರ್ಡಿನಲ್ಲಿ ಒಂದು ಕಾಯಿ ಅಷ್ಟೇ ತೂಕದ ಇನ್ನೊಂದು ಕಾಯಿಗೆ ನೇರವಾಗಿ ಬಡಿದರೆ, ಬಂದದ್ದು ಅಲ್ಲೇ ನಿಲ್ಲುತ್ತದೆ, ಅಲ್ವಾ? ನ್ಯೂಟ್ರಾನ್‌ಗೂ ಹೈಡ್ರೋಜನ್ ನ್ಯೂಕ್ಲಿಯಸ್‌ಗೂ ತೂಕ ಹೆಚ್ಚುಕಡಿಮೆ ಒಂದೇ. ಹಾಗಾಗಿ ನೀರಿರುವ ನೆಲದಲ್ಲಿ ನ್ಯೂಟ್ರಾನ್‌ಗಳು ಬೇಗ ವೇಗ ಕಳೆದುಕೊಳ್ಳುತ್ತವೆ, ಮಧ್ಯಮ ವೇಗದವು ಕಕ್ಷೆಯಲ್ಲಿ ಸುತ್ತುವ ನೌಕೆಗೆ ಕಡಿಮೆ ಸಿಗುತ್ತವೆ. 1998ರಲ್ಲಿ ಲೂನಾರ್ ಪ್ರಾಸ್ಪೆಕ್ಟರ್ ನೌಕೆ ಚಂದ್ರನ ಧ್ರುವಗಳಲ್ಲಿ ಹೈಡ್ರೋಜನ್ ಇದೆ ಅಂತ ಗುರುತಿಸಿದ್ದು ಹೀಗೆ. 2002ರಲ್ಲಿ ಮಾರ್ಸ್ ಒಡಿಸ್ಸಿ ನೌಕೆ ಮಂಗಳದ ಧ್ರುವಗಳ ಸುತ್ತಲಿನ ಮಣ್ಣಿನಡಿ ಮಂಜುಗಡ್ಡೆ ಇದೆ ಎಂದು ತೋರಿಸಿತು. 2008ರಲ್ಲಿ ಫೀನಿಕ್ಸ್ ನೌಕೆ ಅಂಥದೇ ಜಾಗದಲ್ಲಿ ಇಳಿದು ಮಣ್ಣು ಕೆದಕಿದಾಗ, ಕೆಲವೇ ಸೆಂಟಿಮೀಟರ್ ಕೆಳಗೆ ಬಿಳಿ ಮಂಜುಗಡ್ಡೆ ಕಂಡಿತು. ಎಷ್ಟೋ ನೂರು ಕಿಲೋಮೀಟರ್ ಎತ್ತರದಿಂದ ಎಣಿಸಿ ಹೇಳಿದ್ದು ನಿಜವಾಯಿತು!

ಈಗ ಕಷ್ಟದ ಭಾಗ. ಕಾಸ್ಮಿಕ್ ಕಿರಣ ನೌಕೆಯನ್ನೂ ಬಿಡುವುದಿಲ್ಲ. ನೌಕೆಯ ಅಲ್ಯೂಮಿನಿಯಂ, ಟೈಟಾನಿಯಂ ಕೂಡ ಗಾಮಾ ಕಿರಣ ಸೂಸುತ್ತವೆ. ಡಿಟೆಕ್ಟರ್ ಕೇಳುವುದು ಗ್ರಹದ ದನಿಯಾ, ನೌಕೆಯ ದನಿಯಾ? ಈ ಗೊಂದಲ ತಪ್ಪಿಸಲೆಂದೇ ಒಡಿಸ್ಸಿಯ ಗಾಮಾ ಡಿಟೆಕ್ಟರನ್ನು 6.2 ಮೀಟರ್ ಉದ್ದದ ಕೋಲಿನ ತುದಿಯಲ್ಲಿ ಇಟ್ಟಿದ್ದರು. ಆಮೇಲೂ ಉಳಿಯುವ ಬೇಡದ ಎಣಿಕೆಯನ್ನು, ಅಂದರೆ ಬ್ಯಾಕ್‌ಗ್ರೌಂಡನ್ನು, ಲೆಕ್ಕ ಹಾಕಿ ಕಳೆಯಬೇಕು. ಎಣಿಕೆಗೆ ಸಿಗುವ ಸಿಗ್ನಲ್ಲೇ ಕಡಿಮೆ, ಎಷ್ಟೋ ಸಲ ತಿಂಗಳುಗಟ್ಟಲೆ ಕೂಡಿಸಿದ ಮೇಲೆ ಗ್ರಾಫಿನಲ್ಲಿ ಒಂದು ಸಣ್ಣ ಉಬ್ಬು ಏಳುತ್ತದೆ.

ಆ ಉಬ್ಬನ್ನು ನಂಬಬೇಕಾದರೆ ಉಡಾವಣೆಗೆ ಮುಂಚೆಯೇ ಡಿಟೆಕ್ಟರಿನ ಗುಣ ಗೊತ್ತಿರಬೇಕು. ಕ್ಯಾಲಿಬ್ರೇಷನ್ (ಗೊತ್ತಿರುವ ವಿಕಿರಣದಿಂದ ಡಿಟೆಕ್ಟರನ್ನು ಪರೀಕ್ಷಿಸುವ) ದಿನಗಳು ಹೀಗಿರುತ್ತವೆ: ವಿಕಿರಣ ಸೂಸುವ ಕೋಬಾಲ್ಟ್-60 ಸೋರ್ಸನ್ನು ಒಂದು ಕೋನದಲ್ಲಿಟ್ಟು ಎಣಿಸುತ್ತೇವೆ. ಪರದೆ ಮೇಲೆ 1.17 ಮತ್ತು 1.33 ಎಂಇವಿಯಲ್ಲಿ ಜೋಡಿ ಪೀಕ್ (ಚೂಪಾದ ಉಬ್ಬು) ಏಳುತ್ತದೆ. ಅವುಗಳ ಅಗಲ ಬರೆದುಕೊಂಡು, ಸೋರ್ಸನ್ನು ಸ್ವಲ್ಪ ಸರಿಸಿ ಮತ್ತೆ ಎಣಿಸುತ್ತೇವೆ. ಆಮೇಲೆ ತಾಪಮಾನ ಬದಲಿಸಿ ಅದನ್ನೇ ಮೊದಲಿಂದ. ಜರ್ಮೇನಿಯಂ ಡಿಟೆಕ್ಟರ್ ಆದರೆ ಮೈನಸ್ 180 ಡಿಗ್ರಿ ಆಸುಪಾಸಿನಲ್ಲಿ ಇಡಬೇಕು. ವಿಕಿರಣ ಬಿದ್ದೂ ಬಿದ್ದೂ ಜರ್ಮೇನಿಯಂ ಹರಳು ಕೆಡುತ್ತದೆ, ಪೀಕ್‌ನ ಎಡಗಡೆ ಬಾಲ ಬೆಳೆಯುತ್ತದೆ. ಆಗ ಬಾಹ್ಯಾಕಾಶದಲ್ಲೇ ಅದನ್ನು ಬಿಸಿ ಮಾಡಿ ಸರಿಪಡಿಸಬೇಕಾಗುತ್ತದೆ. ಇದನ್ನೆಲ್ಲ ಬೇಸರ ಅನ್ನುವವರಿದ್ದಾರೆ. ನನಗಂತೂ ಈ ಕೆಲಸದ ಜೀವವೇ ಇದು. ಇದರಲ್ಲಿ ಪಳಗಿದವರ ಫಲಿತಾಂಶವನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ.

ಬುಧವನ್ನು ಸುತ್ತಿದ ಮೆಸೆಂಜರ್ ನೌಕೆಯನ್ನೇ ನೋಡಿ. ಸೂರ್ಯನ ಪಕ್ಕದಲ್ಲಿರುವ ಬುಧದಲ್ಲಿ ಬೇಗ ಆವಿಯಾಗುವ ಧಾತುಗಳು ಅಷ್ಟಾಗಿ ಉಳಿದಿರಲಾರವು ಅನ್ನುವ ಊಹೆ ಬಲವಾಗಿತ್ತು. 2011ರಲ್ಲಿ ನೌಕೆಯ ಗಾಮಾ ಸ್ಪೆಕ್ಟ್ರೋಮೀಟರ್ (ಗಾಮಾ ಕಿರಣಗಳ ಶಕ್ತಿ ಅಳೆಯುವ ಉಪಕರಣ) ಅಂಥದೇ ಧಾತುವಾದ ಪೊಟ್ಯಾಸಿಯಂ ಧಾರಾಳವಾಗಿಯೇ ಇದೆ ಅಂತ ತೋರಿಸಿತು. ಬುಧ ಹುಟ್ಟಿದ ಬಗೆಯ ಎಷ್ಟೋ ಲೆಕ್ಕಾಚಾರ ಅಲ್ಲಿಗೇ ಬಿದ್ದುಹೋಯಿತು. 2012ರಲ್ಲಿ ತಂಪು ಮಾಡುವ ಯಂತ್ರ ನಿಂತಮೇಲೂ ತಂಡ ಕೈಕಟ್ಟಿ ಕೂರಲಿಲ್ಲ. ಜರ್ಮೇನಿಯಂ ಸುತ್ತಲಿದ್ದ ರಕ್ಷಾಕವಚವೂ ಒಂದು ಡಿಟೆಕ್ಟರೇ ತಾನೆ? ಅದರಿಂದಲೇ ಅಳತೆ ಮುಂದುವರಿಸಿದರು. ಉಪಕರಣ ಚೆನ್ನಾಗಿ ಗೊತ್ತಿದ್ದವರಿಗೆ ಮಾತ್ರ ಇದು ಸಾಧ್ಯ.

ತಾಳ್ಮೆ ಬೇಕು. 2023ರಲ್ಲಿ ಹೊರಟ ಸೈಕಿ ನೌಕೆ ತನ್ನ ಕ್ಷುದ್ರಗ್ರಹ ತಲುಪುವುದು 2029ಕ್ಕೆ. ಅದಕ್ಕೂ ಮುಂಚಿನ ಪ್ರಸ್ತಾವ, ತಯಾರಿಯ ವರ್ಷಗಳು ಬೇರೆ. ಎಷ್ಟೋ ಪ್ರಸ್ತಾವಗಳು ಆಯ್ಕೆಯೇ ಆಗುವುದಿಲ್ಲ, ನಮ್ಮವೂ ಹಾಗೆ ಹೋಗಿವೆ. ಅದಕ್ಕೇ ಒಂದೇ ಮಿಷನ್ ನಂಬಿ ಕೂರಬೇಡಿ.

ಓದಿನ ವಿಷಯಕ್ಕೆ ಬಂದರೆ, ನ್ಯೂಕ್ಲಿಯರ್ ಫಿಸಿಕ್ಸ್ ಗಟ್ಟಿಯಾಗಿರಲಿ. ಸಂಖ್ಯಾಶಾಸ್ತ್ರ ಅದಕ್ಕಿಂತ ಗಟ್ಟಿಯಾಗಿರಲಿ. ಕಣಗಳು ವಸ್ತುವಿನೊಳಗೆ ಹೇಗೆ ಸಾಗುತ್ತವೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಜಿಯಾಂಟ್4 ಸಿಮ್ಯುಲೇಷನ್ ಈಗಲೇ ಶುರುಮಾಡಿ. ಭೂವಿಜ್ಞಾನವನ್ನು ಜೊತೆಗೆ ಕೆಲಸ ಮಾಡುವವರಿಂದ ಕಲಿಯಬಹುದು, ನಾನೂ ಹಾಗೇ ಕಲಿತದ್ದು.

ಲೂನಾರ್ ಪ್ರಾಸ್ಪೆಕ್ಟರ್ ಡೇಟಾ ನಾಸಾದ ಪ್ಲಾನೆಟರಿ ಡೇಟಾ ಸಿಸ್ಟಮ್‌ನಲ್ಲಿ ಉಚಿತವಾಗಿದೆ. ಗಾಮಾ ಸ್ಪೆಕ್ಟ್ರಮ್ (ಯಾವ ಶಕ್ತಿಯಲ್ಲಿ ಎಷ್ಟು ಎಣಿಕೆ ಅನ್ನುವ ಗ್ರಾಫ್) ಇಳಿಸಿಕೊಂಡು 2.61 ಎಂಇವಿಯ ಥೋರಿಯಂ ಪೀಕ್ ಹುಡುಕಿ, ಜಾಗವಾರು ನಕ್ಷೆ ಮಾಡಿ. ಚಂದ್ರನ ನಮಗೆ ಕಾಣುವ ಮುಖದ ಪಶ್ಚಿಮ ಭಾಗದಲ್ಲಿ, ಓಷನಸ್ ಪ್ರೊಸೆಲ್ಲಾರಂ ಎಂಬ ಕಪ್ಪು ಬಯಲಿನ ಸುತ್ತ, ಅದು ಎದ್ದು ಕಾಣಬೇಕು. ಕಾಣದಿದ್ದರೆ ಮೊದಲು ಬ್ಯಾಕ್‌ಗ್ರೌಂಡ್ ಕಳೆದ ರೀತಿಯನ್ನು ಪರೀಕ್ಷಿಸಿ. ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ಸಹಾಯ ಮಾಡುತ್ತೇನೆ.